ಹೊಸ ಯಂತ್ರದ ಮೌನ

ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದು ಒಂದು ಬಗೆಯ ಕೆಲಸ. ಹೊಸದಾಗಿ ಜೋಡಿಸಿದ ಯಂತ್ರವು ಮೊದಲ ದಿನವೇ ಮಿಸುಕದೆ ಕುಳಿತರೆ ಅದನ್ನು ಎಬ್ಬಿಸುವುದು ಇನ್ನೊಂದು ಬಗೆಯ ಕೆಲಸ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಎಂದು ತೋರಬಹುದು. ಆದರೆ ಅವುಗಳ ನಡುವೆ ದೊಡ್ಡ ಅಂತರವಿದೆ. ನಿನ್ನೆ ಸಂಜೆಯವರೆಗೆ ಅಡಕೆ ತೋಟಕ್ಕೆ ನೀರೆತ್ತಿದ ಪಂಪು ಇಂದು ಬೆಳಗ್ಗೆ ಓಡದಿದ್ದರೆ, ಅದರ ಭಾಗಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇವೆಯೆಂದು ಹೇಳಬಹುದು. ನಿನ್ನೆ ಹರಿದ ನೀರೇ ಅದಕ್ಕೆ ಸಾಕ್ಷಿ. ರಾತ್ರಿ ಕಳೆಯುವುದರೊಳಗೆ ಯಾವುದೋ ಒಂದು ಭಾಗ ಕೆಟ್ಟಿದೆ, ಅದನ್ನು ಹುಡುಕಿದರಾಯಿತು. ಹೊಸ ಯಂತ್ರಕ್ಕೆ ಇಂತಹ ಸಾಕ್ಷಿಯಿಲ್ಲ. ಅದು ಎಂದೂ ಓಡಿದ್ದೇ ಇಲ್ಲ. ಅದರಲ್ಲಿ ತಪ್ಪು ಒಂದೇ ಇರಬೇಕೆಂಬ ನಿಯಮವೂ ಇಲ್ಲ. ಎರಡೋ ಮೂರೋ ತಪ್ಪುಗಳು ಒಂದರ ಹಿಂದೆ ಒಂದು ಅಡಗಿ ಕುಳಿತಿರಬಹುದು. ಒಂದನ್ನು ತಿದ್ದಿದರೂ ಯಂತ್ರ ಓಡುವುದಿಲ್ಲ. ಆಗ ತಿದ್ದಿದ್ದೇ ತಪ್ಪಾಯಿತೆಂದು ಭಾವಿಸಿ, ಸರಿಯಾದುದನ್ನು ಮತ್ತೆ ಮೊದಲಿನಂತೆ ಕೆಡಿಸಿಬಿಡುತ್ತೇವೆ. ಈ ಸಂಗತಿ ನನಗೆ ಸ್ಪಷ್ಟವಾದದ್ದು ನಮ್ಮ ನೆರೆಮನೆಯ ಒಂದು ಕಂಪ್ಯೂಟರಿನಿಂದ.

ನಮ್ಮ ಮನೆ ಬಂಟ್ವಾಳದಿಂದ ಸಿದ್ಧಕಟ್ಟೆಯ ಮೂಲಕ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿದೆ. ನೆರೆಮನೆಯ ತಾಯಿ ಬೀಡಿ ಕಟ್ಟುವವರು. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಸಾವಿರಕ್ಕೆ ಇಷ್ಟೆಂಬ ಲೆಕ್ಕದಲ್ಲಿ ಸಿಗುವ ಹಣದಿಂದಲೇ ಅವರು ಇಬ್ಬರು ಮಕ್ಕಳನ್ನು ಓದಿಸಿದರು. ಮಗಳು ಮೂಡುಬಿದಿರೆಯಲ್ಲಿ ಪದವಿ ಮುಗಿಸಿ, ಅಲ್ಲಿಯೇ ಒಂದು ಮುದ್ರಣಾಲಯದಲ್ಲಿ ಪುಟ ವಿನ್ಯಾಸದ ಕೆಲಸವನ್ನು ಕಲಿತಳು. ಮದುವೆಯ ಕರೆಯೋಲೆ, ಯಕ್ಷಗಾನದ ಕರಪತ್ರ, ಸಂಘದ ವಾರ್ಷಿಕ ವರದಿ ಮುಂತಾದವನ್ನು ಮನೆಯಲ್ಲಿಯೇ ಕುಳಿತು ಸಿದ್ಧಪಡಿಸಿಕೊಟ್ಟರೆ ಬಸ್ಸಿನ ಖರ್ಚೂ ಸಮಯವೂ ಉಳಿಯುತ್ತದೆಂದು ಅವಳ ಯೋಜನೆ. ಅದಕ್ಕೆ ಕಂಪ್ಯೂಟರು ಬೇಕು. ಸಿದ್ಧ ಯಂತ್ರಕ್ಕಿಂತ ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿದರೆ ಅದೇ ಹಣಕ್ಕೆ ಹೆಚ್ಚು ಬಲದ ಯಂತ್ರ ದೊರೆಯುತ್ತದೆ. ತಾಯಿಯ ಉಳಿತಾಯದ ಜೊತೆಗೆ ಸ್ವಸಹಾಯ ಸಂಘದಿಂದ ಸಾಲವನ್ನೂ ತೆಗೆದು ನಲವತ್ತು ಸಾವಿರ ರೂಪಾಯಿಗೂ ಮೇಲೆ ಖರ್ಚು ಮಾಡಿದರು. ಸಾಲದ ಕಂತು ವಾರವಾರ ಕಟ್ಟತಕ್ಕದ್ದು. ಅಂಗಡಿಯ ಬಿಲ್ಲಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ, ದೋಷವಿರುವ ಸಾಮಾನನ್ನು ಏಳು ದಿನಗಳೊಳಗೆ ಬದಲಾಯಿಸಿಕೊಡುವುದಾಗಿಯೂ, ಕೈಯಿಂದ ಹಾನಿಯಾಗಿದ್ದರೆ ಬದಲಾಯಿಸುವುದಿಲ್ಲವೆಂದೂ ಅಚ್ಚಾಗಿತ್ತು.

ಆಟಿ ತಿಂಗಳ ಒಂದು ಸಂಜೆ, ಮಳೆ ಒಂದೇ ಸಮನೆ ಸುರಿಯುತ್ತಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಆ ಮನೆಯ ಹುಡುಗ ಕೊಡೆ ಹಿಡಿದು ಓಡಿ ಬಂದ. “ಸರ್, ಅಕ್ಕ ಕಂಪ್ಯೂಟರು ಜೋಡಿಸಿದ್ದಾಳೆ. ಶುರುವಾಗುವುದಿಲ್ಲ. ಅವಳು ಅಳುತ್ತಿದ್ದಾಳೆ” ಎಂದ. ಸಾಮಾನು ತಂದು ಅಂದಿಗೆ ಆರನೆಯ ದಿನ.

ನಾನು ಕನ್ನಡ ಪಾಠ ಹೇಳಿದವನು, ಕಂಪ್ಯೂಟರಿನ ಪರಿಣತನಲ್ಲ. ಆದರೂ ಹೋದೆ. ಅಲ್ಲಿ ಆಗಲೇ ಮೂರು ತೀರ್ಪುಗಳು ಸಿದ್ಧವಾಗಿದ್ದವು. “ಅಂಗಡಿಯವರು ಹಳೆಯ ಸಾಮಾನನ್ನು ಹೊಸ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟಿರಬೇಕು ಮಾಷ್ಟ್ರೇ” ಎಂದು ತಾಯಿ. “ಮದರ್‌ಬೋರ್ಡ್ ಸುಟ್ಟುಹೋಗಿದೆ” ಎಂದು ಮಗಳು. ಪಕ್ಕದ ಮನೆಯಿಂದ ಬಂದಿದ್ದ ಮಾವನವರು, ಈ ಮಳೆಯಲ್ಲಿ ಕರೆಂಟೇ ಸರಿಯಿಲ್ಲ ಎಂದರು. ಮೂವರಲ್ಲಿ ಯಾರೂ ಯಾವುದನ್ನೂ ನೋಡಿ ಹೇಳಿದ ಮಾತಲ್ಲ ಅದು.

ನನ್ನ ಹಳೆಯ ಶಿಷ್ಯನೊಬ್ಬ ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುತ್ತಾನೆ. ಅವನಿಗೆ ಫೋನು ಮಾಡಿದೆ. ದಾರಿಯಲ್ಲಿ ಮರ ಬಿದ್ದಿದೆ, ಬರಲಾಗುವುದಿಲ್ಲ ಎಂದ. ಆದರೆ ಅವನು ಕೇಳಿದ ಮೊದಲನೆಯ ಪ್ರಶ್ನೆಯೇ ನಮ್ಮೆಲ್ಲರ ಬಾಯಿ ಮುಚ್ಚಿಸಿತು. “ಸರ್, ಗುಂಡಿ ಒತ್ತಿದಾಗ ಏನೂ ಆಗುವುದಿಲ್ಲವೋ, ಫ್ಯಾನು ಒಮ್ಮೆ ಮಿಸುಕಿ ನಿಲ್ಲುತ್ತದೆಯೋ, ಅಥವಾ ಫ್ಯಾನು ತಿರುಗುತ್ತಲೇ ಇದ್ದು ಪರದೆ ಮಾತ್ರ ಕಪ್ಪಾಗಿರುತ್ತದೆಯೋ?” ಶುರುವಾಗುವುದಿಲ್ಲ ಎಂಬುದಷ್ಟೇ ನಮಗೆ ತಿಳಿದದ್ದು, ಹೇಗೆ ಶುರುವಾಗುವುದಿಲ್ಲ ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ವೈದ್ಯರು ಜ್ವರ ಎಂದು ಹೇಳಿದ ಮಾತ್ರಕ್ಕೆ ಔಷಧ ಕೊಡುವುದಿಲ್ಲ. ಚಳಿಯಿಟ್ಟು ಬರುವ ಜ್ವರವೋ, ಬಿಡದೆ ಕಾಯುವ ಜ್ವರವೋ ಎಂದು ವಿಚಾರಿಸುತ್ತಾರೆ. ಇಲ್ಲಿಯೂ ಹಾಗೆಯೇ. ಗುಂಡಿ ಒತ್ತಿದಾಗ ಏನೂ ಆಗದಿದ್ದರೆ, ವಿದ್ಯುತ್ತು ಒಳಕ್ಕೆ ಬರುತ್ತಿಲ್ಲ ಅಥವಾ ‘ಏಳು’ ಎಂಬ ಅಪ್ಪಣೆ ತಲಪುತ್ತಿಲ್ಲ. ಮಿಸುಕಿ ನಿಂತರೆ, ವಿದ್ಯುತ್ತು ಬಂದಿದೆ, ಅಪ್ಪಣೆಯೂ ತಲಪಿದೆ, ಆದರೆ ಎಲ್ಲಿಯೋ ಅದು ಹರಿಯಬಾರದ ಕಡೆ ಹರಿಯುತ್ತಿದೆ. ಫ್ಯಾನು ತಿರುಗಿಯೂ ಚಿತ್ರ ಬಾರದಿದ್ದರೆ ವಿದ್ಯುತ್ತಿನ ಸಮಸ್ಯೆ ಬಹುಮಟ್ಟಿಗೆ ಮುಗಿಯಿತು. ರ‍್ಯಾಮ್ ಎಂಬ ನೆನಪಿನ ಪಟ್ಟಿ ಸರಿಯಾಗಿ ಕುಳಿತಿಲ್ಲ, ಇಲ್ಲವೇ ಪರದೆಯ ತಂತಿಯನ್ನು ಸಿಕ್ಕಿಸಬಾರದ ಕಡೆ ಸಿಕ್ಕಿಸಿದೆ. ಒಂದು ವರ್ಗದ ಕಾಯಿಲೆಗೆ ಇನ್ನೊಂದು ವರ್ಗದ ಮದ್ದು ಹತ್ತುವುದಿಲ್ಲ. ನಾವು ಗುಂಡಿ ಒತ್ತಿ, ಕಣ್ಣಿಟ್ಟು, ಕಿವಿಗೊಟ್ಟು ನೋಡಿದೆವು. ಏನೂ ಆಗಲಿಲ್ಲ.

“ಹಾಗಾದರೆ ಗೋಡೆಯಿಂದ ಆರಂಭಿಸಿ. ಏನನ್ನೂ ಬಿಚ್ಚಬೇಡಿ” ಎಂದ ಶಿಷ್ಯ.

ಮಾವನವರು ಕಿಸೆಯಿಂದ ಟೆಸ್ಟರು ತೆಗೆದು ಪ್ಲಗ್ಗಿನ ತೂತಿಗೆ ಇಟ್ಟರು. ಅದರೊಳಗಿನ ಕೆಂಪು ದೀಪ ಮಿನುಗಿತು. ಕರೆಂಟು ಇದೆಯೆಂದು ಅವರೇ ಒಪ್ಪಿಕೊಂಡರು. ಇಲ್ಲಿ ಒಂದು ವಿಷಯವನ್ನು ತಿಳಿದಿರಬೇಕು. ಟೆಸ್ಟರಿನ ದೀಪ ಉರಿಯುವುದಕ್ಕೆ ಫೇಸ್ ತಂತಿಯೊಂದೇ ಸಾಕು. ನಮ್ಮ ದೇಹದ ಮೂಲಕ ಅತ್ಯಲ್ಪ ವಿದ್ಯುತ್ತು ನೆಲಕ್ಕೆ ಹರಿದು ಆ ದೀಪ ಮಿನುಗುತ್ತದೆ. ಹಿಂದಿರುಗುವ ದಾರಿಯಾದ ನ್ಯೂಟ್ರಲ್ ತಂತಿ ಕಡಿದಿದ್ದರೂ ಟೆಸ್ಟರು ಉರಿಯುತ್ತದೆ, ಯಂತ್ರ ಮಾತ್ರ ಓಡುವುದಿಲ್ಲ. ಆದುದರಿಂದ ಟೆಸ್ಟರಿಗಿಂತ ಮೇಜಿನ ದೀಪ ಹೆಚ್ಚು ನಂಬಲರ್ಹವಾದ ಸಾಕ್ಷಿ. ಅದೇ ಪ್ಲಗ್ಗಿಗೆ ಹುಡುಗನ ಓದುವ ದೀಪವನ್ನು ಸಿಕ್ಕಿಸಿದೆವು, ಉರಿಯಿತು. ಗೋಡೆ ನಿರ್ದೋಷಿಯಾಯಿತು. ಬಳಿಕ ಪರದೆಗೆ ಬಳಸುತ್ತಿದ್ದ ತಂತಿಯನ್ನೇ ಕಿತ್ತು ಕಂಪ್ಯೂಟರಿಗೆ ಹಾಕಿ ನೋಡಿದೆವು. ಏಕೆಂದರೆ ಆ ತಂತಿಯಿಂದ ಪರದೆಯ ಸಣ್ಣ ದೀಪ ಉರಿಯುತ್ತಿದ್ದುದನ್ನು ಕಂಡಿದ್ದೆವು, ಅದು ಸರಿಯೆಂದು ತಿಳಿದಿತ್ತು. ಗೊತ್ತಿಲ್ಲದುದನ್ನು ಗೊತ್ತಿರುವುದರ ಪಕ್ಕದಲ್ಲಿಟ್ಟು ನೋಡುವ ಈ ಕ್ರಮ ನನಗೆ ಹೊಸದಲ್ಲ. ಮೂಡುಬಿದಿರೆಯ ಜೈನಮಠದಲ್ಲಿ ಧವಳಾದಿ ಗ್ರಂಥಗಳ ತಾಳೆಗರಿಗಳು ಶತಮಾನಗಳಿಂದ ಉಳಿದುಬಂದಿವೆಯಷ್ಟೆ. ಅಂತಹ ಗ್ರಂಥಗಳನ್ನು ಸಂಪಾದಿಸುವವರು ಸಂಶಯವಿರುವ ಪ್ರತಿಯೊಂದು ಪಾಠವನ್ನು ಬೇರೆ ಪ್ರತಿಯೊಡನೆ ಹೋಲಿಸಿಯೇ ಲಿಪಿಕಾರನ ತಪ್ಪನ್ನು ಹಿಡಿಯುತ್ತಾರೆ.

ಇನ್ನು ಕಂಪ್ಯೂಟರಿನ ಒಳಗೆ ಹೋಗೋಣ. ತಗಡಿನ ಹೊರಪೆಟ್ಟಿಗೆಗೆ ಕ್ಯಾಬಿನೆಟ್ ಎಂದು ಹೆಸರು. ಅದರ ಒಂದು ಮೂಲೆಯಲ್ಲಿ ಪವರ್ ಸಪ್ಲೈ ಎಂಬ ಇನ್ನೊಂದು ಸಣ್ಣ ಉಕ್ಕಿನ ಪೆಟ್ಟಿಗೆಯಿದೆ. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಇಳಿಸುವುದು ಅದರ ಕೆಲಸ. ದೊಡ್ಡ ಹಲಗೆಯಂತಿರುವ ಮದರ್‌ಬೋರ್ಡ್ ಅದನ್ನು ಪಡೆದು ಪ್ರೊಸೆಸರು, ರ‍್ಯಾಮ್ ಮುಂತಾದವುಗಳಿಗೆ ಹಂಚುತ್ತದೆ. ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರಿಗೆ ಬೇಕಾದುದು ಸುಮಾರು ಒಂದು ವೋಲ್ಟು ಮಾತ್ರ. 12 ವೋಲ್ಟನ್ನು ಅಷ್ಟಕ್ಕೆ ಇಳಿಸುವುದೂ ಮದರ್‌ಬೋರ್ಡಿನದೇ ಹೊಣೆ. ಅದಕ್ಕಾಗಿ 24 ಸೂಜಿಗಳ ದೊಡ್ಡ ತಂತಿಯಲ್ಲದೆ, ಪ್ರೊಸೆಸರಿನ ಪಕ್ಕದಲ್ಲಿ ಎಂಟು ಸೂಜಿಗಳ ಇನ್ನೊಂದು ತಂತಿಯನ್ನೂ ಸಿಕ್ಕಿಸಬೇಕು. ಹೊಸದಾಗಿ ಜೋಡಿಸುವವರು ಈ ಎರಡನೆಯದನ್ನು ಮರೆಯುವುದು ಬಹಳ ಸಾಮಾನ್ಯ. ಹುಡುಗಿ ಮರೆತಿರಲಿಲ್ಲ.

ಪವರ್ ಸಪ್ಲೈಯ ಹಿಂಬದಿಯಲ್ಲಿ ಒಂದು ಪುಟ್ಟ ಸ್ವಿಚ್ಚಿದೆ. ಅದು ಮುಚ್ಚಿದ್ದರೆ ಮುಂದಿನ ಗುಂಡಿಯನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಅದು ತೆರೆದೇ ಇತ್ತು. ಕ್ಯಾಬಿನೆಟ್ಟಿನ ಪಕ್ಕದ ಗಾಜಿನಿಂದ ಇಣುಕಿದಾಗ ಮದರ್‌ಬೋರ್ಡಿನ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಚಿಕ್ಕ ದೀಪವೊಂದು ಉರಿಯುತ್ತಿರುವುದೂ ಕಾಣಿಸಿತು. ಇದನ್ನು ಕೇಳಿದೊಡನೆ ಫೋನಿನಲ್ಲಿ ಶಿಷ್ಯನ ಧ್ವನಿ ಬದಲಾಯಿತು. “ಸರ್, ಮದರ್‌ಬೋರ್ಡ್ ಸುಟ್ಟಿಲ್ಲದೆ ಇರಬಹುದು” ಎಂದ.

ಆ ಸಣ್ಣ ದೀಪಕ್ಕೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ಸ್ವಲ್ಪ ಚರಿತ್ರೆ ಬೇಕು. ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದದ್ದು 1981ರಲ್ಲಿ. ಆ ಕಾಲದ ಯಂತ್ರಗಳಲ್ಲಿದ್ದ ಸ್ವಿಚ್ಚು ನಮ್ಮ ಮನೆಯ ದೀಪದ ಸ್ವಿಚ್ಚಿನಂತೆಯೇ ವಿದ್ಯುತ್ತಿನ ದಾರಿಯನ್ನು ತೆರೆದು ಮುಚ್ಚುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಹೊಸ ಮಾದರಿಯನ್ನು ರೂಪಿಸಿತು. ಬೇರೆ ಬೇರೆ ಕಾರ್ಖಾನೆಗಳ ಕ್ಯಾಬಿನೆಟ್, ಮದರ್‌ಬೋರ್ಡ್, ಪವರ್ ಸಪ್ಲೈಗಳು ಇಂದಿಗೂ ಒಂದಕ್ಕೊಂದು ಹೊಂದಿಕೊಳ್ಳುತ್ತಿದ್ದರೆ ಅದಕ್ಕೆ ಇಂತಹ ಮಾದರಿಗಳೇ ಕಾರಣ. ಇದರಲ್ಲಿ ಮುಂದಿನ ಗುಂಡಿಯ ಸ್ವರೂಪವೇ ಬದಲಾಯಿತು. ಅದು ಈಗ ಸ್ವಿಚ್ಚಲ್ಲ, ಕರೆಗಂಟೆ. ಪ್ಲಗ್ಗು ಹಾಕಿದೊಡನೆ ಪವರ್ ಸಪ್ಲೈ ಪೂರ್ಣವಾಗಿ ಎಚ್ಚರಗೊಳ್ಳದಿದ್ದರೂ 5 ವೋಲ್ಟಿನ ಒಂದು ಸಣ್ಣ ಧಾರೆಯನ್ನು ಸದಾ ಮದರ್‌ಬೋರ್ಡಿಗೆ ಕೊಡುತ್ತಿರುತ್ತದೆ. ನಾವು ಕಂಡ ದೀಪ ಅದರಿಂದಲೇ ಉರಿಯುತ್ತಿತ್ತು. ಗುಂಡಿ ಒತ್ತಿದಾಗ ಮದರ್‌ಬೋರ್ಡಿನ ಎರಡು ಸೂಜಿಗಳು ಕ್ಷಣಕಾಲ ಒಂದನ್ನೊಂದು ಕೂಡುತ್ತವೆ. ಮದರ್‌ಬೋರ್ಡ್ ಅದನ್ನು ಅರಿತು, ಹಸಿರು ತಂತಿಯೊಂದರ ಮೂಲಕ ಪವರ್ ಸಪ್ಲೈಗೆ ‘ಏಳು’ ಎಂದು ಸೂಚನೆ ಕೊಡುತ್ತದೆ. ಆಗ ಪವರ್ ಸಪ್ಲೈ ಎಲ್ಲ ಧಾರೆಗಳನ್ನೂ ತೆರೆದು, ಅವು ಸರಿಯಾದ ಮಟ್ಟಕ್ಕೆ ಬಂದು ನಿಂತಿವೆಯೇ ಎಂದು ಅರೆ ಸೆಕೆಂಡಿಗಿಂತ ಹೆಚ್ಚಿಲ್ಲದ ಕಾಲದಲ್ಲಿ ಪರೀಕ್ಷಿಸಿ, ‘ಎಲ್ಲವೂ ಸರಿ’ ಎಂಬ ಮರುಸೂಚನೆಯನ್ನು ಕಳುಹಿಸುತ್ತದೆ. ಅದು ಬರುವವರೆಗೆ ಪ್ರೊಸೆಸರು ಕೆಲಸಕ್ಕೆ ತೊಡಗುವುದಿಲ್ಲ. ಬಯಲಾಟದಲ್ಲಿ ಭಾಗವತರ ಪದ್ಯಕ್ಕಾಗಿ ತೆರೆಯ ಹಿಂದೆ ವೇಷಧಾರಿ ಕಾದು ನಿಲ್ಲುವಂತೆ ಕಾದಿರುತ್ತದೆ.

ಆದುದರಿಂದ ಆ ಸಣ್ಣ ದೀಪ ಉರಿದಿದೆಯೆಂದರೆ ಗೋಡೆ, ತಂತಿ, ಹಿಂಬದಿಯ ಸ್ವಿಚ್ಚು, ಪವರ್ ಸಪ್ಲೈಯ ಕಾಯುವ ಭಾಗ, ಇಷ್ಟೂ ಸರಿಯೆಂದು ಒಮ್ಮೆಗೇ ತೀರ್ಮಾನವಾಯಿತು. ಉಳಿದುದು ಅಪ್ಪಣೆಯ ದಾರಿ. ಗುಂಡಿಯಿಂದ ಬರುವ ತೆಳುವಾದ ಎರಡು ತಂತಿಗಳನ್ನು ಮದರ್‌ಬೋರ್ಡಿನ ಮೂಲೆಯ ಸೂಜಿಗಳಿಗೆ ಸಿಕ್ಕಿಸಬೇಕು. ಅಲ್ಲಿ ಒತ್ತಾಗಿ ಒಂಬತ್ತು ಹತ್ತು ಸೂಜಿಗಳಿವೆ. ಕೆಲವು ದೀಪಗಳಿಗೆ, ಎರಡು ಮರುಚಾಲನೆಯ ಗುಂಡಿಗೆ, ಎರಡು ಮಾತ್ರ ಈ ಗುಂಡಿಗೆ. ಅವುಗಳ ಹೆಸರುಗಳನ್ನು ಹಲಗೆಯ ಮೇಲೆ ಇರುವೆಯ ಕಾಲಿನಂತಹ ಅಕ್ಷರಗಳಲ್ಲಿ ಬರೆದಿರುತ್ತಾರೆ. ಕೈಪಿಡಿಯಲ್ಲಿಯ ಚಿತ್ರವನ್ನು ನೋಡಿ ನಾವು ಸರಿಯಾದ ಎರಡು ಸೂಜಿಗಳನ್ನು ಗುರುತಿಸಿದೆವು. ಹುಡುಗಿ ತಂತಿಗಳನ್ನು ಸಿಕ್ಕಿಸಿದ್ದು ಅದರ ಮುಂದಿನ ಜೋಡಿಗೆ. ಮೊದಲನೆಯ ತಪ್ಪು ಸಿಕ್ಕಿತು.

ಶಿಷ್ಯನ ಮಾತಿನಂತೆ ಸ್ಕ್ರೂಡ್ರೈವರಿನ ತುದಿಯಿಂದ ಸರಿಯಾದ ಎರಡು ಸೂಜಿಗಳನ್ನು ಕ್ಷಣಕಾಲ ಕೂಡಿಸಿದೆವು. ಆ ಸೂಜಿಗಳಲ್ಲಿರುವುದು ಐದು ವೋಲ್ಟಿಗೆ ಮೀರದ ವಿದ್ಯುತ್ತಾದುದರಿಂದ ಕೈಗೆ ಅಪಾಯವಿಲ್ಲ. ಆದರೆ ಬೇರೆ ಸೂಜಿಗಳಿಗೆ ತಗಲಿದರೆ ಯಂತ್ರಕ್ಕೆ ಅಪಾಯವುಂಟು. ನೀವು ತಿಳಿದವರು ಜೊತೆಗಿಲ್ಲದೆ ಇದನ್ನು ಮಾಡಬಾರದು. ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಕೂಡದು. ಅದರೊಳಗಿನ ಕೆಪಾಸಿಟರುಗಳು ಪ್ಲಗ್ಗು ಕಿತ್ತ ಮೇಲೆಯೂ ಮುನ್ನೂರು ವೋಲ್ಟಿಗೂ ಮಿಕ್ಕಿದ ವಿದ್ಯುತ್ತನ್ನು ಕೆಲಕಾಲ ಹಿಡಿದಿಟ್ಟುಕೊಂಡಿರಬಲ್ಲವು. ಅದು ಪ್ರಾಣಕ್ಕೇ ಎರವಾದೀತು.

ಫ್ಯಾನು ಮಿಸುಕಿತು! ಹುಡುಗ ಕುಣಿದಾಡಿದ. ಮರುಕ್ಷಣ ಅದು ನಿಂತುಹೋಯಿತು. ಇನ್ನೊಮ್ಮೆ ಮಾಡಿದರೂ ಅಷ್ಟೇ, ಕಾಲು ಸುತ್ತು ತಿರುಗಿ ನಿಲ್ಲುತ್ತಿತ್ತು. ಹುಡುಗಿಯ ಮುಖ ಮತ್ತೆ ಬಾಡಿತು. “ನೋಡಿ ಸರ್, ನಾನು ಹೇಳಲಿಲ್ಲವೇ, ಬೋರ್ಡ್ ಹೋಗಿದೆ” ಎಂದಳು. “ಅಲ್ಲ ಮಾರಾಯ್ತಿ, ಈಗ ನಾವು ಮೊದಲಿದ್ದಲ್ಲಿ ಇಲ್ಲ. ಆಗ ಏನೂ ಆಗುತ್ತಿರಲಿಲ್ಲ, ಈಗ ಮಿಸುಕುತ್ತದೆ” ಎಂದೆ. ಹೀಗೆ ಹೇಳಿದೆನಾದರೂ ನನ್ನೊಳಗೂ ಅಳುಕಿತ್ತು.

ಪವರ್ ಸಪ್ಲೈ ಒಬ್ಬ ಎಚ್ಚರದ ಕಾವಲುಗಾರ. ವಿದ್ಯುತ್ತು ತನ್ನ ದಾರಿಯನ್ನು ಬಿಟ್ಟು ಅಡ್ಡದಾರಿಯಲ್ಲಿ ನೇರವಾಗಿ ಹಿಂದಿರುಗುತ್ತಿದ್ದರೆ, ಅಂದರೆ ಶಾರ್ಟ್ ಆಗಿದ್ದರೆ, ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಲ್ಲ ಧಾರೆಗಳನ್ನೂ ನಿಲ್ಲಿಸಿಬಿಡುತ್ತದೆ. ಮನೆಯ ಫ್ಯೂಸು ಹಾರಿಹೋಗುವುದಕ್ಕೂ ಇದಕ್ಕೂ ತತ್ತ್ವ ಒಂದೇ. ಫ್ಯೂಸು ಹಾರಿದರೆ ದಪ್ಪ ತಂತಿ ಹಾಕಿ ಬಾಯಿ ಮುಚ್ಚಿಸುವ ಜನರಿದ್ದಾರೆ. ಅವರಂತೆ ಇಲ್ಲಿಯೂ ಮತ್ತೆ ಮತ್ತೆ ಗುಂಡಿ ಒತ್ತಿ ಕಾವಲುಗಾರನನ್ನು ದಣಿಸಬಾರದು. ಶಾರ್ಟ್ ಎಲ್ಲಿದೆಯೆಂದು ಹುಡುಕಬೇಕು.

ಹುಡುಗಿಗೆ ಎಲ್ಲವನ್ನೂ ಒಮ್ಮೆಗೇ ಕಿತ್ತು ಮೊದಲಿನಿಂದ ಜೋಡಿಸುವ ಆತುರ. ಶಿಷ್ಯ ಬಿಡಲಿಲ್ಲ. “ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಏನು ಮಾಡಿದಿರಿ, ಏನಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿರಿ” ಎಂದ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿ ಯಂತ್ರ ಓಡಿದರೂ, ಯಾವುದರಿಂದ ಓಡಿತೆಂದು ತಿಳಿಯುವುದಿಲ್ಲ. ಓಡದಿದ್ದರೆ ಇದ್ದ ಸಾಕ್ಷಿಯೂ ಅಳಿಸಿಹೋಗುತ್ತದೆ. ಬರೆಯುವ ಹೊಣೆಯನ್ನು ಹುಡುಗನಿಗೆ ವಹಿಸಿದೆವು. ಅವನು ಗಣಿತದ ನೋಟುಪುಸ್ತಕದ ಕೊನೆಯ ಪುಟವನ್ನು ತೆರೆದ.

ಹೀಗೆ ಬರೆದಿಡುವುದು ಕಂಪ್ಯೂಟರಿನ ವಂಶದಷ್ಟೇ ಹಳೆಯ ಪದ್ಧತಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಿರ್ಮಾಣವಾಗಿ 1946ರಲ್ಲಿ ಲೋಕಕ್ಕೆ ತೋರಿದ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ಒಂದು ನಳಿಗೆ ಕೆಟ್ಟರೂ ಲೆಕ್ಕ ತಪ್ಪುತ್ತಿತ್ತು. ಯಂತ್ರವನ್ನು ಆರಿಸಿ ಹೊತ್ತಿಸುವಾಗಲೇ ನಳಿಗೆಗಳು ಹೆಚ್ಚಾಗಿ ಕೆಡುತ್ತವೆಂಬುದು ತಿಳಿದ ಮೇಲೆ ಅದನ್ನು ಆರಿಸದೆಯೇ ಇಡತೊಡಗಿದರು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಎಂಬ ಇನ್ನೊಂದು ಗಣಕ ಕೈಕೊಟ್ಟಾಗ, ಹುಡುಕುತ್ತ ಹೋದವರಿಗೆ ಒಂದು ರಿಲೇಯೊಳಗೆ ಸಿಕ್ಕಿಕೊಂಡಿದ್ದ ಪತಂಗ ಸಿಕ್ಕಿತು. ಅವರು ಅದನ್ನು ಎಸೆಯದೆ, ದಿನಚರಿಯ ಪುಟಕ್ಕೆ ಅಂಟಿಸಿ, ಕೆಳಗೆ ಟಿಪ್ಪಣಿ ಬರೆದಿಟ್ಟರು. ಆ ಪುಟ ಇಂದಿಗೂ ಉಳಿದಿದೆ. ಈ ಕಥೆಯನ್ನು ಹುಡುಗನಿಗೆ ಹೇಳುತ್ತಿದ್ದಂತೆಯೇ ಊರಿನ ಕರೆಂಟು ಹೋಯಿತು. ಅಂದಿನ ಕೆಲಸ ಅಲ್ಲಿಗೆ ನಿಂತಿತು.

ಚಿಮಿಣಿ ದೀಪದ ಬೆಳಕಿನಲ್ಲಿ ತಾಯಿ ಬೀಡಿ ಕಟ್ಟುತ್ತಲೇ ಕೇಳಿದರು: “ಪೆಟ್ಟಿಗೆ ಮುಟ್ಟಿದರೆ ಜುಮ್ಮೆಂದಿತು ಮಾಷ್ಟ್ರೇ, ಅದೂ ಅಂಗಡಿಯವರ ತಪ್ಪೇ?” ಒಳ್ಳೆಯ ಪ್ರಶ್ನೆ. ಪವರ್ ಸಪ್ಲೈಯೊಳಗಿನ ಶೋಧಕದಿಂದ ಅತ್ಯಲ್ಪ ವಿದ್ಯುತ್ತು ಸಹಜವಾಗಿಯೇ ತಗಡಿಗೆ ಸೋರುತ್ತದೆ. ಪ್ಲಗ್ಗಿನ ಮೂರನೆಯ ದಪ್ಪ ಕಾಲು ಅದನ್ನು ಭೂಮಿಗೆ ಇಳಿಸಬೇಕು. ಜುಮ್ಮೆಂದರೆ ಮನೆಯ ಅರ್ತ್ ಸರಿಯಿಲ್ಲವೆಂದು ತಿಳಿಯಬೇಕು. ನಮ್ಮ ಸೀಮೆಯ ಮುರಕಲ್ಲಿನ ನೆಲ ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದಿಲ್ಲ. ಬೇಸಗೆಯಲ್ಲಿ ಅರ್ತ್ ಗುಂಡಿಗೆ ಕೊಡಪಾನದಿಂದ ನೀರು ಹೊಯ್ಯುವ ಹಿರಿಯರ ರೂಢಿಗೆ ಕಾರಣವಿದೆ. ಆದರೆ ಇದು ಆಟಿ ತಿಂಗಳು, ನೆಲ ನೆನೆದಿತ್ತು. ಮರುದಿನ ನೋಡಿದಾಗ ಹಿತ್ತಿಲಿನಲ್ಲಿ ಅರ್ತ್ ತಂತಿಯೇ ತುಕ್ಕು ಹಿಡಿದು ಕಡಿದಿತ್ತು. ಅದನ್ನು ಕಟ್ಟಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದೆವು.

ಅದು ಏಳನೆಯ ದಿನ. ಅಂಗಡಿಗೆ ಹೋಗುವುದಿದ್ದರೆ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಏನನ್ನು ಕೊಂಡೊಯ್ಯುವುದು? ಬೋರ್ಡನ್ನೇ, ಪವರ್ ಸಪ್ಲೈಯನ್ನೇ, ಪ್ರೊಸೆಸರನ್ನೇ? ಸರಿಯಿರುವ ವಸ್ತುವನ್ನು ಕೆಟ್ಟಿದೆಯೆಂದು ಒಯ್ದರೆ, ಅವರು ಪರೀಕ್ಷಿಸಿ ಹಿಂದಕ್ಕೆ ಕೊಡುತ್ತಾರೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ದೇವಸ್ಥಾನದ ಜಾತ್ರೆಗೆ ಕಟ್ಟಿದ ಉದ್ದನೆಯ ದೀಪದ ಸಾಲು ಒಮ್ಮೆಗೇ ಆರಿದರೆ, ಅನುಭವವುಳ್ಳವನು ಒಂದು ತುದಿಯಿಂದ ಬಲ್ಬುಗಳನ್ನು ಎಣಿಸುತ್ತ ಹೋಗುವುದಿಲ್ಲ. ನಡುವಿನಲ್ಲಿ ಪರೀಕ್ಷಿಸುತ್ತಾನೆ. ಅಲ್ಲಿಯವರೆಗೆ ವಿದ್ಯುತ್ತು ಬಂದಿದ್ದರೆ ಅರ್ಧ ಸಾಲಿನ ಚಿಂತೆ ತೀರಿತು. ಉಳಿದರ್ಧದ ನಡುವಿನಲ್ಲಿ ಮತ್ತೊಮ್ಮೆ. ನೂರು ದೀಪಗಳಿದ್ದರೂ ಏಳು ಪರೀಕ್ಷೆಗಳೊಳಗೆ ದೋಷದ ಜಾಗ ಸಿಕ್ಕುತ್ತದೆ. ಇಲ್ಲಿ ಆ ನಡುವಿನ ಪರೀಕ್ಷೆಯೆಂದರೆ ಕ್ಯಾಬಿನೆಟ್ಟನ್ನು ಬೇರೆ ಮಾಡಿ ನೋಡುವುದು. ಪ್ಲಗ್ಗು ಕಿತ್ತು, ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡು, ಮದರ್‌ಬೋರ್ಡನ್ನು ಪ್ರೊಸೆಸರು, ಅದರ ಫ್ಯಾನು ಮತ್ತು ಒಂದೇ ಒಂದು ರ‍್ಯಾಮ್ ಪಟ್ಟಿಯೊಡನೆ ಹೊರಕ್ಕೆ ತೆಗೆದು, ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆಯೇ ಮಲಗಿಸಿದೆವು. ಅದನ್ನು ಸುತ್ತಿದ್ದ ಹೊಳೆಯುವ ಚೀಲದ ಮೇಲೆ ಇಡಬಾರದು. ಆ ಚೀಲದ ಮೈ ತಾನೇ ವಿದ್ಯುತ್ತನ್ನು ಒಯ್ಯಬಲ್ಲದು. ಬಳಿಕ ಪವರ್ ಸಪ್ಲೈಯ ಎರಡು ತಂತಿಗಳನ್ನು ಮಾತ್ರ ಸಿಕ್ಕಿಸಿ, ಸ್ಕ್ರೂಡ್ರೈವರಿನಿಂದ ಎರಡು ಸೂಜಿಗಳನ್ನು ಕೂಡಿಸಿದೆವು.

ಫ್ಯಾನು ತಿರುಗಿತು. ನಿಲ್ಲಲಿಲ್ಲ. ಹತ್ತು ಎಣಿಸಿದೆವು, ಇಪ್ಪತ್ತು ಎಣಿಸಿದೆವು, ತಿರುಗುತ್ತಲೇ ಇತ್ತು.

ಆ ತಿರುಗುವ ಫ್ಯಾನು ಅಂಗಡಿಯವರನ್ನೂ ಕಾರ್ಖಾನೆಯವರನ್ನೂ ಆರೋಪದಿಂದ ಬಿಡಿಸಿತು. ಹಿಂದಿನ ಸಂಜೆ ನಾವು ಸಂಶಯಪಟ್ಟ ವಸ್ತುಗಳೆಲ್ಲ ರಟ್ಟಿನ ಮೇಲೆ ಸರಿಯಾಗಿಯೇ ಓಡುತ್ತಿದ್ದವು. ದೋಷವಿದ್ದರೆ ಅದು ಖಾಲಿಯಾಗಿ ಬಿದ್ದಿದ್ದ ಆ ತಗಡಿನ ಪೆಟ್ಟಿಗೆಯಲ್ಲಿಯೇ ಇರಬೇಕು. ಆದರೆ ಖಾಲಿ ತಗಡಿನಲ್ಲಿ ಕೆಡುವುದಕ್ಕೆ ಏನಿದೆ? ನಾವು ದೊಡ್ಡವರು ಹೀಗೆ ಯೋಚಿಸುತ್ತಿರುವಾಗ ಹುಡುಗ ಒಳಗೆ ಬೆರಳಿಟ್ಟು ಎಣಿಸುತ್ತಿದ್ದ. “ಅಕ್ಕಾ, ಬೋರ್ಡಿನಲ್ಲಿ ಎಂಟು ತೂತು. ಇಲ್ಲಿ ಗೂಟ ಒಂಬತ್ತು” ಎಂದ.

ಮದರ್‌ಬೋರ್ಡು ತಗಡಿಗೆ ನೇರವಾಗಿ ತಾಗಬಾರದು. ಅದರ ಬೆನ್ನಿನಲ್ಲಿ ಬೆಸುಗೆ ಹಾಕಿದ ನೂರಾರು ಮೊನೆಗಳಿವೆ. ತಗಡು ತಗಲಿದರೆ ಅವುಗಳ ನಡುವೆ ಅಡ್ಡದಾರಿ ಉಂಟಾಗುತ್ತದೆ. ಆದುದರಿಂದ ಹಿತ್ತಾಳೆಯ ಚಿಕ್ಕ ಗೂಟಗಳನ್ನು ನೆಟ್ಟು, ಬೋರ್ಡನ್ನು ಅವುಗಳ ಮೇಲೆ ಎತ್ತರಿಸಿ ಕೂರಿಸುತ್ತಾರೆ. ಬೋರ್ಡಿನಲ್ಲಿ ತೂತು ಇರುವ ಕಡೆಗಳಲ್ಲಿ ಮಾತ್ರ ಗೂಟ ಇರಬೇಕು. ಆ ತೂತುಗಳ ಸುತ್ತಲೂ ಬಿಟ್ಟ ಜಾಗ ಗೂಟಕ್ಕೆಂದೇ ಮೀಸಲು. ಕ್ಯಾಬಿನೆಟ್ಟಿನಲ್ಲಾದರೋ ಹಲವು ಅಳತೆಯ ಬೋರ್ಡುಗಳಿಗೆ ಹೊಂದುವಂತೆ ಹೆಚ್ಚಿನ ಜಾಗಗಳಿರುತ್ತವೆ. ಹುಡುಗಿ ಸ್ಕ್ರೂಗಳ ಪೊಟ್ಟಣದಲ್ಲಿ ಉಳಿದಿದ್ದ ಒಂದು ಗೂಟವನ್ನು, ಇದ್ದರೆ ಇನ್ನಷ್ಟು ಗಟ್ಟಿಯಾಗಲಿ ಎಂದು, ನಡುವಿನ ಒಂದು ಖಾಲಿ ಜಾಗಕ್ಕೆ ತಿರುಗಿಸಿದ್ದಳು. ತೂತಿಲ್ಲದ ಕಡೆ ನಿಂತ ಆ ಒಂಬತ್ತನೆಯ ಗೂಟದ ತುದಿ ಬೋರ್ಡಿನ ಬೆನ್ನಿಗೆ ಒತ್ತಿ ನಿಂತು ವಿದ್ಯುತ್ತನ್ನು ತಗಡಿಗೆ ಇಳಿಸುತ್ತಿತ್ತು.

ಯಾರೂ ಏನನ್ನೂ ಹೇಳಲಿಲ್ಲ. ಹುಡುಗಿ ಗೂಟವನ್ನು ತಿರುಗಿಸಿ ಹೊರತೆಗೆದು ತಮ್ಮನ ಕೈಯಲ್ಲಿಟ್ಟಳು. ಅವನು ಅದನ್ನು ನೋಟುಪುಸ್ತಕದ ಪುಟಕ್ಕೆ ಅಂಟುಪಟ್ಟಿಯಿಂದ ಅಂಟಿಸಿ, ಕೆಳಗೆ ತಾರೀಕು ಬರೆದ.

ಮತ್ತೆ ಎಲ್ಲವನ್ನೂ ಕ್ಯಾಬಿನೆಟ್ಟಿನೊಳಗೆ ಕೂರಿಸಿ, ಗುಂಡಿಯ ತಂತಿಗಳನ್ನು ಸರಿಯಾದ ಸೂಜಿಗಳಿಗೆ ಸಿಕ್ಕಿಸಿ, ಮುಂದಿನ ಗುಂಡಿಯನ್ನೇ ಒತ್ತಿದೆವು. ಫ್ಯಾನುಗಳು ತಿರುಗಿದವು. ಪರದೆ ಮಾತ್ರ ಕಪ್ಪು. ಒಂದು ನಿಮಿಷ ಕಳೆಯಿತು. ಹುಡುಗಿಯ ಕೈ ಸ್ವಿಚ್ಚಿನ ಕಡೆಗೆ ಹೋಯಿತು, ತಮ್ಮ ತಡೆದ. ಫೋನಿನಲ್ಲಿ ಶಿಷ್ಯ ಮೊದಲೇ ಎಚ್ಚರಿಸಿದ್ದ: ಹೊಸ ಬಗೆಯ ಡಿಡಿಆರ್5 ರ‍್ಯಾಮ್ ಇರುವ ಯಂತ್ರಗಳು ಮೊದಲ ಸಲ ಎಚ್ಚರಗೊಳ್ಳುವಾಗ, ರ‍್ಯಾಮಿನೊಡನೆ ಯಾವ ವೇಗದಲ್ಲಿ, ಯಾವ ಹೊಂದಿಕೆಯಲ್ಲಿ ವ್ಯವಹರಿಸಬೇಕೆಂಬುದನ್ನು ತಾವೇ ಪರೀಕ್ಷಿಸಿ ಗೊತ್ತುಮಾಡಿಕೊಳ್ಳುತ್ತವೆ, ಅದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು. ಓಡುತ್ತಿರುವ ಯಂತ್ರವನ್ನು ಸತ್ತಿದೆಯೆಂದು ತಿಳಿದು ಆರಿಸಿಬಿಡುವವರು ಅನೇಕರು. ಕಾಯುವುದೂ ಒಂದು ಪರೀಕ್ಷೆಯೇ ಎಂದು ನನಗೆ ಆ ದಿನದವರೆಗೆ ಹೊಳೆದಿರಲಿಲ್ಲ. ಮೂರನೆಯ ನಿಮಿಷ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು.

ಮಧ್ಯಾಹ್ನದ ಬಸ್ಸು ಬಂದು ಹೋಯಿತು. ಸಂಜೆಯ ಹೊತ್ತಿಗೆ ಬೇಕಾದ ತಂತ್ರಾಂಶಗಳನ್ನೆಲ್ಲ ತುಂಬಿಸಿ ಹುಡುಗಿ ಕನ್ನಡದಲ್ಲಿ ಬೆರಳಚ್ಚಿಸತೊಡಗಿದಳು. ಅವಳು ಬಳಸಿದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದವರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾಯರು, ಇಲ್ಲಿಂದ ಬಹಳ ದೂರದ ಊರೇನಲ್ಲ. ಅವಳ ಮೊದಲ ಕೆಲಸ ನೆರೆಯ ಊರಿನ ಒಂದು ಗೃಹಪ್ರವೇಶದ ಕರೆಯೋಲೆ.

ತಾಯಿ ಗೆರಸೆಯನ್ನು ಮಡಿಲಿನಿಂದ ಕೆಳಗಿಟ್ಟು ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ರಾತ್ರಿ ಇದನ್ನು ಆರಿಸಿದ ಮೇಲೂ ಆ ಸಣ್ಣ ದೀಪ ಉರಿಯುತ್ತದೆ ಅಂದಿರಲ್ಲ ಮಾಷ್ಟ್ರೇ, ಅದಕ್ಕೂ ಕರೆಂಟಿನ ಬಿಲ್ಲು ಬರುತ್ತದೆಯೇ?” ಬರುತ್ತದೆ, ಆದರೆ ಒಂದೆರಡು ವ್ಯಾಟಿನಷ್ಟು ಮಾತ್ರ ಎಂದೆ. “ಹಾಗಾದರೆ ಗೋಡೆಯ ಸ್ವಿಚ್ಚನ್ನೂ ಆರಿಸು” ಎಂದು ಮಗಳಿಗೆ ಹೇಳಿ, ಗೆರಸೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.